ಬುಗುರಿಯ ಮನೆಯ ಸಂಜೆ

ಆಕೆಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಆಸ್ಪತ್ರೆಯ ಹಾಜರಿ ಪುಸ್ತಕದಲ್ಲೂ ಸುಖವಾಗಿ ನಿದ್ದೆ ಮಾಡುತ್ತಿತ್ತು. ಗಲ್ಲಿಯ ಇಪ್ಪತ್ತೆರಡು ಮನೆಗಳಿಗೂ ಆಕೆ ಬುಗುರಿ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಕೂರುತ್ತಿದ್ದಳು, ಯಾರಾದರೂ ಕರೆದರೆ ಏಳಲು ಅನುಕೂಲವಾಗಲಿ ಎಂದು. ಮಾತಾಡುವಾಗ ಕೈಗೆ ಸಿಕ್ಕ ಬಟ್ಟೆ ಮಡಿಸುತ್ತಿದ್ದಳು. ಒಮ್ಮೆ ಪಕ್ಕದ ಮನೆಯ ಬಟನ್ ಅಕ್ಕನ ಜೊತೆ ಜಗಳವಾಡುತ್ತಲೇ ಅವಳ ಹಗ್ಗದ ಮೇಲಿನ ಬಟ್ಟೆಯನ್ನೆಲ್ಲ ಮಡಿಸಿ ಅವಳ ಕೈಗೇ ಕೊಟ್ಟು ಬಂದಿದ್ದಳಂತೆ. ಬಟನ್ ಅಕ್ಕ ಎಂದರೆ ಕಾರ್ಖಾನೆಯಿಂದ ಅಂಗಿಗಳ ಮೂಟೆ ತಂದು ಮನೆಯಲ್ಲೇ ಗುಂಡಿ ಹೊಲಿದು ಕೊಡುವವಳು. ಗಲ್ಲಿಯ ಸುದ್ದಿ ಯಾವುದೂ ಅವಳ ಸೂಜಿಯಿಂದ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

ಬುಗುರಿಯದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿಮೂರು ವರ್ಷದ ಕೆಲಸ. ಬೆಳಿಗ್ಗೆ ಏಳಕ್ಕೆ ಒಳಗೆ ಹೋದರೆ ಮೂರೂವರೆಗೆ ಹೊರಗೆ. ವಾರ್ಡುಗಳಿಂದ ಗಂಟು ಗಂಟಾಗಿ ಬರುವ ಹಾಸು ಹೊದಿಕೆಗಳನ್ನು ಬಿಚ್ಚಿ ರಕ್ತದ್ದು ಬೇರೆ, ಔಷಧಿಯ ಕಲೆಯದ್ದು ಬೇರೆ, ಬರೀ ಬೆವರಿನದ್ದು ಬೇರೆ ಮಾಡಬೇಕು. ಡಾಕ್ಟರುಗಳ ಕೋಟಿನ ಜೇಬಿಗೆ ಕೈ ಹಾಕುವಂತಿಲ್ಲ, ಹೊರಗಿನಿಂದಲೇ ತಟ್ಟಿ ನೋಡಬೇಕು, ಒಳಗೆ ಸೂಜಿ ಇದ್ದೀತು. ಒಣಗಿದ ಹಾಸುಗಳನ್ನು ಇಬ್ಬರು ಹೆಂಗಸರು ಎದುರುಬದುರು ನಿಂತು ಮಡಿಸುತ್ತಾರೆ. ಎರಡು ಹೆಜ್ಜೆ ಮುಂದೆ, ತುದಿಗೆ ತುದಿ, ಎರಡು ಹೆಜ್ಜೆ ಹಿಂದೆ. ದಿನಕ್ಕೆ ನಾನೂರು ಹಾಸು. ಆ ಕೋಣೆಯಲ್ಲಿ ಒಂದೇ ಒಂದು ಕುರ್ಚಿಯಿತ್ತು, ಅದು ಮೇಲ್ವಿಚಾರಕನದು, ಅವನು ಇಲ್ಲದಾಗ ಅದರ ಮೇಲೆ ಅವನ ಕೋಟು ಕೂರುತ್ತಿತ್ತು.

ಗಂಡ ಲಾರಿ ಡ್ರೈವರ್. ತಿಂಗಳಿಗೆ ಎರಡು ಸಲ ಬರುವ ನೆಂಟ, ಬಂದಾಗ ಮಲಗಿದರೆ ಎಬ್ಬಿಸಕೂಡದು. ಮನೆಯಲ್ಲಿ ಕೈ ನಡುಗುವ ಅತ್ತೆ, ಮತ್ತು ಒಬ್ಬಳೇ ಮಗಳು. ಎರಡು ವರ್ಷದ ಹಿಂದಿನವರೆಗೆ ಬುಗುರಿ ಆಸ್ಪತ್ರೆಯಿಂದ ನೇರ ಬಸ್ ಡಿಪೋದ ಕ್ಯಾಂಟೀನಿಗೆ ಹೋಗುತ್ತಿದ್ದಳು. ಅಲ್ಲಿ ನಾಲ್ಕೂವರೆಯಿಂದ ಒಂಬತ್ತೂವರೆವರೆಗೆ ಪಾತ್ರೆ ತೊಳೆಯುವ ಕೆಲಸ. ಹಾಗಾಗಿ ಸಂಜೆಯ ಒಲೆ ಒಂಬತ್ತು ವರ್ಷದ ಮಗಳ ಪಾಲಿಗೆ ಬಂದಿತ್ತು. ಮಗು ಸ್ಟೂಲಿನ ಮೇಲೆ ನಿಂತು ಅನ್ನ ಬಸಿಯುತ್ತಿತ್ತು. ಒಂದು ದಿನ ಸ್ಟೂಲು ವಾಲಿತು, ಗಂಜಿ ಎಡಗೈ ಮಣಿಕಟ್ಟಿನ ಮೇಲೆ ಸುರಿಯಿತು. ತಾನು ಕೆಲಸ ಮಾಡುವ ಆಸ್ಪತ್ರೆಗೇ ಮಗಳನ್ನು ಎತ್ತಿಕೊಂಡು ಓಡಿದ ಬುಗುರಿ, ಮಗಳನ್ನು ಮಲಗಿಸಿದ ಹಾಸಿನ ಅಂಚು ನೋಡಿ ಅದು ಬೆಳಿಗ್ಗೆ ತಾನೇ ಮಡಿಸಿದ್ದೆಂದು ಗುರುತು ಹಿಡಿದಳು. ಆವತ್ತಿನ ಉರಿ ಅವಳಿಗೆ ಇನ್ನೂ ಆರಿಲ್ಲ.

ಅದೇ ವರ್ಷ ಸರ್ಕಾರದವರು ಒಂದು ಯೋಜನೆ ತಂದರು. ಆದಾಯ ಕಡಿಮೆಯಿರುವ ಮನೆಯ ಹೆಂಗಸಿನ ಖಾತೆಗೆ ಪ್ರತಿ ತಿಂಗಳು ಐದನೇ ತಾರೀಖು ಇಷ್ಟು ಹಣ, ಏನಕ್ಕೆ ಬೇಕಾದರೂ ಖರ್ಚು ಮಾಡಿಕೊಳ್ಳಿ, ಕೇಳುವವರಿಲ್ಲ. ಮೊದಲು ಒಂದು ಫಾರ್ಮು ತುಂಬಿಸಿಕೊಂಡು ಹೋದರು. ಯಾತಕ್ಕೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರೂ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಎರಡು ತಿಂಗಳಾದ ಮೇಲೆ ಹಣ ಬಂತು. ಯಾರೂ ನಂಬಲಿಲ್ಲ. ಮೂರನೇ ತಿಂಗಳೂ ಬಂದಾಗ ಬುಗುರಿ ಕ್ಯಾಂಟೀನಿನ ಮ್ಯಾನೇಜರ್ ಎದುರು ನಿಂತು, "ಸಾರ್, ನಾಳೆಯಿಂದ ಬರಲ್ಲ," ಎಂದಳು. ಕ್ಯಾಂಟೀನಿನಲ್ಲಿ ಸಿಗುತ್ತಿದ್ದಷ್ಟೇ ಹಣ ಅದು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಸಂಜೆ ಮನೆಯಲ್ಲಿರುವುದು ಎಂದರೇನೆಂದು ಅವಳಿಗೆ ಮೊದಮೊದಲು ತಿಳಿಯಲೇ ಇಲ್ಲ. ನಾಲ್ಕಕ್ಕೆ ಬಂದು ಆರರೊಳಗೆ ನೆಲ ಮೂರು ಸಲ ಒರೆಸಿಬಿಡುತ್ತಿದ್ದಳು. ಅತ್ತೆ, "ನೆಲ ಸವೆದು ಹೋಗುತ್ತೆ ಕಣೇ, ಬಿಡು ಅದನ್ನ," ಎಂದು ಬೈಯುತ್ತಿದ್ದರು. ನಿಧಾನವಾಗಿ ಒಂದು ರೂಢಿ ಬಂತು. ಐದೂವರೆಗೆ ಮಗಳು ಗಲ್ಲಿಗೆ ಓಡುತ್ತಿದ್ದಳು. ಬುಗುರಿ ಬಾಗಿಲ ಬಳಿ ನಿಂತು ತರಕಾರಿ ಹೆಚ್ಚುತ್ತಿದ್ದಳು. ಹೊರಗಿನ ಗಲಾಟೆಯಲ್ಲಿ ಮಗಳ ಕೂಗು ಯಾವುದೆಂದು ಕಿವಿ ತಾನಾಗಿ ಆರಿಸಿಕೊಳ್ಳುತ್ತಿತ್ತು. ಮಗಳು ಗೆದ್ದಾಗಲೂ ಅರಚುತ್ತಿದ್ದಳು, ಸೋತಾಗ ಇನ್ನೂ ಜೋರಾಗಿ ಅರಚುತ್ತಿದ್ದಳು. ಆ ಅರಚಾಟ ಕೇಳುತ್ತ ಈರುಳ್ಳಿ ಹೆಚ್ಚುವ ಅರ್ಧ ಗಂಟೆಗಾಗಿಯೇ ತಾನು ದಿನವಿಡೀ ಬದುಕಿರುವುದು ಎಂದು ಒಮ್ಮೆ ಅವಳಿಗೆ ಅನ್ನಿಸಿತು. ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ದೃಷ್ಟಿಯಾದೀತೆಂಬ ಭಯ.

ಎರಡು ವರ್ಷ ಹೀಗೆ ಸಾಗಿದ ಮೇಲೆ ಒಂದು ಬೆಳಿಗ್ಗೆ ಬಟನ್ ಅಕ್ಕ ಓಡಿ ಬಂದಳು.

"ಬುಗುರಿ, ಕೇಳಿಸ್ಕೊಂಡ್ಯಾ? ಭಾನುವಾರ ಮತ್ತೆ ಫಾರ್ಮಿನವರು ಬರ್ತಾರಂತೆ. ಮನೆ ಒಳಗೆ ಬಂದು ನೋಡ್ತಾರಂತೆ."

"ಏನು ನೋಡೋಕೆ?"

"ಇನ್ನೇನು ನೋಡ್ತಾರೆ? ಯಾರ ಮನೇಲಿ ಏನೇನಿದೆ ಅಂತ. ಇದೆ ಅಂತ ಗೊತ್ತಾದ್ರೆ ದುಡ್ಡು ಕಟ್!"

ದುಡ್ಡು ಕಟ್ ಆಗುತ್ತದೆಂದು ಬಟನ್ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಗಲ್ಲಿಗೆ ಕೈಯಲ್ಲಿ ಕಾಗದ ಹಿಡಿದು ಯಾರೇ ಬರಲಿ, ಇರುವುದನ್ನು ಇಲ್ಲ ಎನ್ನುವುದು ಅಜ್ಜಿಯರ ಕಾಲದಿಂದ ಬಂದ ವಿದ್ಯೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆ ಅಲ್ಲಿ ತಿರುಗುಮುರುಗು. ಮಲ್ಲಿಗೆ ಇದ್ದರೂ ಕಿತ್ತು ಮಡಿಲಲ್ಲಿ ಬಚ್ಚಿಟ್ಟುಕೊಂಡು, ಹೊಟ್ಟೆ ತೋರಿಸಬೇಕು.

ಭಾನುವಾರದ ವ್ಯವಸ್ಥೆಯನ್ನು ಬುಗುರಿಯೇ ವಹಿಸಿಕೊಂಡಳು. ದಿನಕ್ಕೆ ನಾನೂರು ಹಾಸು ಸಾಗಿಸುವವಳಿಗೆ ಇದೊಂದು ಲೆಕ್ಕವೇ? ಮನೆಗಳ ಹಿಂದೆ ಚರಂಡಿಯ ಪಕ್ಕ ಒಬ್ಬರು ನಡೆಯುವಷ್ಟು ದಾರಿಯಿತ್ತು. ಫಾರ್ಮಿನ ಮೇಡಂ ಒಂದನೇ ಮನೆಯಲ್ಲಿದ್ದಾಗ ಆ ಮನೆಯ ಸಾಮಾನು ಆರನೇ ಮನೆಯಲ್ಲಿ. ಮೇಡಂ ಆರನೇ ಮನೆ ತಲುಪುವ ಹೊತ್ತಿಗೆ ಎರಡೂ ಮನೆಯ ಸಾಮಾನು ಒಂದನೇ ಮನೆಯಲ್ಲಿ. ಒಂದು ಮಿಕ್ಸಿ ಆವತ್ತು ಏಳು ಮನೆ ಸುತ್ತಿತು. ಟೇಬಲ್ ಫ್ಯಾನೊಂದು ಚರಂಡಿಗೆ ಬಿದ್ದು, ಅದನ್ನು ಎತ್ತಿದವನೂ ಬಿದ್ದ. ಇಷ್ಟಾದರೂ ಮುಂಬಾಗಿಲಲ್ಲಿ ಎಲ್ಲರ ಮುಖವೂ ಉಪವಾಸದ ಮುಖವೇ.

ಬುಗುರಿಯ ಮನೆಯಲ್ಲಿ ಬಚ್ಚಿಡಲು ದೊಡ್ಡದೇನೂ ಇರಲಿಲ್ಲ, ಅತ್ತೆಯ ಹಲ್ಲಿನ ಸೆಟ್ ಬಿಟ್ಟರೆ. ಹೋದ ವರ್ಷ ಮೂರು ತಿಂಗಳು ಹಣ ಉಳಿಸಿ ಕಟ್ಟಿಸಿದ್ದು.

"ಅತ್ತೆ, ಹಲ್ಲು ತೆಗೆದುಕೊಡಿ. ಒಂದೇ ಒಂದು ಗಂಟೆ."

"ಯಾಕೆ, ನಿನಗೆ ಹಲ್ಲಿಲ್ವಾ?"

"ಅವರು ನೋಡಿದ್ರೆ ಕಷ್ಟ ಅತ್ತೆ. ಇಷ್ಟು ದುಡ್ಡು ಎಲ್ಲಿಂದ ಬಂತು ಅಂತಾರೆ."

"ಅವರು ಕೊಟ್ಟಿದ್ದೇ ತಾನೇ?"

ಈ ಪ್ರಶ್ನೆಯ ಮುಂದೆ ಬುಗುರಿ ಒಂದು ಗಳಿಗೆ ನಿಂತಿದ್ದರೆ ಮುಂದಿನದ್ದೊಂದೂ ಆಗುತ್ತಿರಲಿಲ್ಲ. ಆದರೆ ನಿಲ್ಲುವುದು ಅವಳ ಜಾತಕದಲ್ಲಿಲ್ಲ. ಹಲ್ಲನ್ನು ಸಕ್ಕರೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಆಮೇಲೆ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಸಂಜೆ ಅಡುಗೆ ಯಾರು ಮಾಡ್ತಾರೆ ಅಂತ ಕೇಳಿದ್ರೆ ಏನಂತೀಯಾ?"

"ನೀನು."

"ಅಲ್ಲ! ನಾನೇ ಮಾಡ್ತೀನಿ ಅನ್ನು."

"ಸುಳ್ಳಲ್ವಾ ಅಮ್ಮ?"

"ಮುಂಚೆ ಮಾಡ್ತಿದ್ದೆ ತಾನೇ? ಹಳೇ ನಿಜ ಅಂದ್ಕೋ."

ಫಾರ್ಮಿನ ಮೇಡಂ ಎಂದರೆ ಸಣಕಲು ಹೆಂಗಸು, ಚಪ್ಪಲಿಯ ಪಟ್ಟಿಗೆ ಪಿನ್ನು ಚುಚ್ಚಿಕೊಂಡಿದ್ದಳು. ಬಂದವಳೇ ನೀರು ಕೇಳಿ ಕುಡಿದಳು. ಪ್ರಶ್ನೆ ಶುರುವಾಯಿತು. ಎಷ್ಟು ಹೊತ್ತು ಊಟ? ಒಂದೂವರೆ ಹೊತ್ತು ಮೇಡಂ. ಮೊದಲ ಫಾರ್ಮಿನಲ್ಲಿ ಬುಗುರಿಯೇ ಎರಡು ಎಂದು ಬರೆಸಿದ್ದಳು. ಅಜ್ಜಿಗೆ ಅಗಿಯಲು ಆಗುತ್ತಾ? ಅತ್ತೆ ಕೋಪದಿಂದ ಬೊಚ್ಚು ಬಾಯಿ ಪೂರ್ತಿ ತೆರೆದು ತೋರಿಸಿದರು. ಮಗಳು ಶಾಲೆಯಲ್ಲಿ ಪದ್ಯ ಒಪ್ಪಿಸುವ ರಾಗದಲ್ಲಿ, "ಸಂಜೆಯ ಅಡುಗೆಯನ್ನು ನಾನೇ ಮಾಡುತ್ತೇನೆ," ಎಂದಳು. ಮೇಡಂ ಕಣ್ಣು ಅವಳ ಮಣಿಕಟ್ಟಿನ ಸುಟ್ಟ ಗುರುತಿನ ಮೇಲೆ ಹೋಯಿತು. ಹಳೆಯ ಗುರುತು ಹೊಸ ಸುಳ್ಳಿಗೆ ಸಾಕ್ಷಿ ಹೇಳಿತು.

"ಕೊನೇ ಪ್ರಶ್ನೆ. ಕಳೆದ ಏಳು ದಿನದಲ್ಲಿ ಎಷ್ಟು ದಿನ ನಿಮಗೆ ನೆಮ್ಮದಿ ಅನ್ನಿಸ್ತು?"

"ನೆಮ್ಮದಿನಾ? ಅದು ಯಾವ ಅಂಗಡೀಲಿ ಸಿಗುತ್ತೆ ಮೇಡಂ, ನಾವೂ ಕಾಲು ಕೆಜಿ ತರ್ತೀವಿ."

ಮೇಡಂ ನಗಲಿಲ್ಲ. ಸೊನ್ನೆ ಬರೆದುಕೊಂಡಳು. ಅವಳು ಹೋದ ಮೇಲೆ ಗಲ್ಲಿಗೆ ಗಲ್ಲಿಯೇ ಗೆದ್ದಂತೆ ಬೀಗಿತು.

ಒಂದು ತಿಂಗಳಾಯಿತು. ವಾರ್ಡ್ ಕಚೇರಿಯ ಗೋಡೆಗೆ ಒಂದು ನೋಟೀಸು ಅಂಟಿಸಿದರು. ಬಟನ್ ಅಕ್ಕ ಅದನ್ನು ಫೋಟೋ ತೆಗೆದುಕೊಂಡು ಬಂದಳು. ಮಗಳು ಓದಿದಳು. ಎರಡು ವರ್ಷದ ಹಿಂದಿನ ಫಾರ್ಮನ್ನೂ ಈಗಿನದನ್ನೂ ಹೋಲಿಸಿ ನೋಡಲಾಗಿದೆ. ಈ ಗಲ್ಲಿಯ ಮನೆಗಳಲ್ಲಿ ಸಹಾಯಧನದಿಂದ ಯಾವ ಸುಧಾರಣೆಯೂ ಕಂಡುಬಂದಿಲ್ಲ, ಕೆಲವು ವಿಷಯಗಳಲ್ಲಿ ಸ್ಥಿತಿ ಹಿಂದಿಗಿಂತ ಕೆಟ್ಟಿದೆ. ಆದ್ದರಿಂದ ಮುಂದಿನ ತಿಂಗಳ ಕಂತಿನ ನಂತರ ಇಲ್ಲಿ ಯೋಜನೆಯನ್ನು ನಿಲ್ಲಿಸಲಾಗುವುದು. ತಕರಾರಿದ್ದಲ್ಲಿ ಹದಿನೈದು ದಿನದೊಳಗೆ ತಿಳಿಸುವುದು.

ಅತ್ತೆ ಮಾತ್ರ ನಕ್ಕರು. "ಒಳ್ಳೇದಾಗಿದ್ಯಾ ಅಂತ ಕೇಳೋಕೆ ಬಂದಿದ್ರು ಕಣೇ ಅವರು. ನೀವು ಕೆಟ್ಟು ಹೋಗಿದೀವಿ ಅಂತ ಹಾಡು ಹೇಳಿ ಕಳಿಸಿದ್ರಿ."

ಬುಗುರಿ ಲೆಕ್ಕ ಹಾಕಿದಳು. ಹಣ ನಿಂತರೆ ಕ್ಯಾಂಟೀನು. ಕ್ಯಾಂಟೀನೆಂದರೆ ಮಗಳು ಒಲೆ ಮುಂದೆ. ಸಂಜೆ ಅಡುಗೆ ಯಾರು ಮಾಡುತ್ತಾರೆಂದು ಮಗುವಿನ ಬಾಯಿಯಲ್ಲಿ ತಾನೇ ಹೇಳಿಸಿದ ಸುಳ್ಳು ಈಗ ಕಾಲು ಬಂದು ಮನೆಗೆ ನಡೆದು ಬರುತ್ತಿದೆ. ಆ ರಾತ್ರಿ ಅವಳು ಮಲಗಿದಲ್ಲೇ ಹತ್ತು ಸಲ ಮಗ್ಗುಲು ಬದಲಿಸಿದಳು. ಮರುದಿನ ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಡಬ್ಬಿಯನ್ನೇ ಬಿಚ್ಚದೆ ಕಚೇರಿಗೆ ಓಡಿದಳು.

ಮೇಡಂ ಅಲ್ಲಿದ್ದಳು, ಫಾರ್ಮುಗಳ ಗುಡ್ಡದ ಹಿಂದೆ.

"ನಾವು ಆವತ್ತು ಹೇಳಿದ್ದು ಸುಳ್ಳು ಮೇಡಂ."

"ಯಾವುದು?"

"ಎಲ್ಲಾ! ನಾವು ಒಂದೂವರೆ ಹೊತ್ತಲ್ಲ, ಮೂರು ಹೊತ್ತು ತಿಂತೀವಿ. ನಮ್ಮತ್ತೆಗೆ ಹಲ್ಲಿದೆ. ಮಗಳು ಅಡುಗೆ ಮಾಡಲ್ಲ, ಬೀದೀಲಿ ಆಡ್ತಾಳೆ. ಚೆನ್ನಾಗಿದೀವಿ ಮೇಡಂ, ನಿಮ್ಮಾಣೆಗೂ ಚೆನ್ನಾಗಿದೀವಿ!"

ಬಡವರಾಗಿದ್ದೇವೆಂದು ಕಚೇರಿಯಲ್ಲಿ ಆಣೆ ಇಟ್ಟವರನ್ನು ಮೇಡಂ ಬೇಕಾದಷ್ಟು ನೋಡಿದ್ದಳು. ಚೆನ್ನಾಗಿದ್ದೇವೆಂದು ಅಳುವವಳು ಇವಳೇ ಮೊದಲು. ಪೆನ್ನು ಕೆಳಗಿಟ್ಟಳು.

"ಆವತ್ತು ದುಡ್ಡು ಬರಲಿ ಅಂತ ಕಷ್ಟ ಹೇಳಿದ್ರಿ. ಇವತ್ತು ದುಡ್ಡು ಬರಲಿ ಅಂತ ಸುಖ ಹೇಳ್ತಿದೀರಿ. ನಾನು ಯಾವುದನ್ನ ನಂಬಲಿ ಅಮ್ಮಾ?"

ಬುಗುರಿ ಮೇಜಿನ ಮೇಲಿದ್ದ ಒರೆಸುವ ಬಟ್ಟೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಇಟ್ಟಳು. ಮೇಡಂ ಆ ಮಡಿಕೆ ನೋಡಿ ಹೊಸದೊಂದು ಫಾರ್ಮು ಎಳೆದುಕೊಂಡಳು.

"ತಕರಾರು ನಿಮ್ಮ ಹೆಸರಲ್ಲಿ ಬರ್ಕೊಳ್ತೀನಿ. ಈ ಹದಿನೈದು ದಿನದಲ್ಲಿ ಒಂದು ಸಂಜೆ ನಿಮ್ಮ ಮನೆಗೆ ಬರ್ತೀನಿ. ಯಾವ ದಿನ ಅಂತ ಹೇಳಲ್ಲ. ನೀವು ಹೇಳಿದ್ದನ್ನ ಬರೆಯಲ್ಲ, ಕಣ್ಣಿಗೆ ಕಂಡಿದ್ದನ್ನ ಬರೀತೀನಿ. ನಿಮ್ಮ ಗಲ್ಲಿಗೆಲ್ಲಾ ಅದೇ ಲೆಕ್ಕ."

ಇಪ್ಪತ್ತೆರಡು ಮನೆಯ ಭಾರ ಒಂದು ಮನೆಯ ತಲೆ ಮೇಲೆ ಬಿತ್ತು. ಸುದ್ದಿ ಹಬ್ಬಿದ್ದೇ ತಡ, ಗಲ್ಲಿಯ ಜನ ತಮ್ಮ ವಿದ್ಯೆಯನ್ನು ಉಲ್ಟಾ ಮಾಡಿದರು. ಬಚ್ಚಿಟ್ಟಿದ್ದೆಲ್ಲ ಈಗ ಬುಗುರಿಯ ಮನೆಗೆ ಮೆರವಣಿಗೆಯಲ್ಲಿ ಬಂತು. ಒಬ್ಬರು ಮಿಕ್ಸಿ ತಂದರು, ಒಬ್ಬರು ಚರಂಡಿಗೆ ಬಿದ್ದ ಫ್ಯಾನನ್ನು ತೊಳೆದು ತಂದರು. ಬಟನ್ ಅಕ್ಕ ತನ್ನ ಚಿಕ್ಕ ಫ್ರಿಜ್ಜನ್ನೇ ಇಬ್ಬರ ಕೈಲಿ ಹೊರಿಸಿಕೊಂಡು ಬಂದು, "ನಿಂದೇ ಅಂತ ಹೇಳು, ನಾನೇನೂ ಅಂದ್ಕೊಳ್ಳಲ್ಲ," ಎಂದಳು. ಎರಡು ದಿನ ಅತ್ತೆಗೆ ಕಾಲು ಚಾಚಲು ಜಾಗವಿರಲಿಲ್ಲ. ಮೂರನೇ ದಿನ ಅವರು ಹಲ್ಲು ಕಚ್ಚಿ, ಈ ಸಲ ಹಲ್ಲಿತ್ತು, "ಒಂದೋ ಇವು ಹೋಗ್ಬೇಕು, ಇಲ್ಲಾ ನಾನು ಹೋಗ್ಬೇಕು," ಎಂದರು. ಸಾಮಾನು ಹಿಂದಿರುಗಿತು.

ಸಾಮಾನೇನೋ ಹೋಯಿತು, ತಳಮಳ ಹೋಗಲಿಲ್ಲ. ಈಗ ಪ್ರತಿ ಸಂಜೆಯೂ ಪರೀಕ್ಷೆ. ಬುಗುರಿ ಆಸ್ಪತ್ರೆಯಿಂದ ನಡೆದು ಬರುವುದನ್ನು ಬಿಟ್ಟು ಓಡಿ ಬರತೊಡಗಿದಳು. ನಾಲ್ಕೂವರೆಗೇ ಅಡುಗೆ ಮುಗಿಸಿ, ಮೇಡಂ ಬಂದಾಗ ತಾನು ಅಡುಗೆ ಮಾಡುತ್ತಿರುವುದು ಕಾಣಬೇಕಲ್ಲ ಎಂದು ಮತ್ತೆ ಒಲೆ ಹಚ್ಚುತ್ತಿದ್ದಳು. ಬಾಗಿಲಿಗೆ, ಒಲೆಗೆ, ಗಲ್ಲಿಯ ತಿರುವಿಗೆ, ಮತ್ತೆ ಒಲೆಗೆ. ಅನ್ನ ಎರಡು ಸಲ ತಳ ಹಿಡಿಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಮಗಳಿಗೆ.

"ಯಾಕೆ ಒಳಗೆ ಕೂತಿದ್ದೀಯಾ? ಹೋಗು, ಆಡು!"

"ಇವತ್ತು ಮನಸ್ಸಿಲ್ಲ ಅಮ್ಮ. ಚಿತ್ರ ಬರೀತೀನಿ."

"ಚಿತ್ರ ಆಮೇಲೆ. ಮೊದಲು ಆಡು. ಚೆನ್ನಾಗಿ ಆಡು. ಕೂಗಾಡ್ಕೊಂಡು ಆಡು!"

ಹುಡುಗಿ ಹೋಗಿ ಬೀದಿ ಮಧ್ಯೆ ಚೆಂಡು ಹಿಡಿದುಕೊಂಡು ಕಾವಲುಗಾರನ ಹಾಗೆ ನಿಂತುಕೊಳ್ಳುತ್ತಿದ್ದಳು. ಯಾರೋ ಕಾಗದ ಹಿಡಿದು ಬಂದರೆ ಒಮ್ಮೆ ಚೆಂಡು ಪುಟಿಸಿ, ಅವರು ದಾಟಿ ಹೋದರೆ ಸುಮ್ಮನಾಗುತ್ತಿದ್ದಳು. ಒಂದು ಸಂಜೆ ಕರೆಂಟ್ ಬಿಲ್ಲಿನವನ ಮುಂದೆ ಅಷ್ಟು ಹೊತ್ತು ಕುಣಿದು ತೋರಿಸಿದಳೆಂದರೆ ಅವನು ಗಾಬರಿಯಾಗಿ ನಿಂತ. ಗಲ್ಲಿಯವರೆಲ್ಲ ನಕ್ಕರು. ಬುಗುರಿಯೂ ನಕ್ಕಳು, ಒಳಗೆ ಹೋಗಿ ಅತ್ತಳು. ಯಾವ ಅರ್ಧ ಗಂಟೆಯನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಹೆಣಗುತ್ತಿದ್ದಳೋ ಅದು ಆಗಲೇ ಮನೆ ಬಿಟ್ಟು ಹೋಗಿತ್ತು.

ಹತ್ತನೇ ದಿನ ಕಳೆಯಿತು, ಹನ್ನೊಂದು ಕಳೆಯಿತು, ಮೇಡಂ ಪತ್ತೆಯಿಲ್ಲ. ಹನ್ನೆರಡನೇ ದಿನ ಮಧ್ಯಾಹ್ನ ಎದುರು ನಿಂತು ಹಾಸು ಮಡಿಸುವ ಜೊತೆಗಾತಿ ಮಾತಿಗೆ ಮಾತು ಬಂದು ಹೇಳಿದಳು: "ನಿನ್ನ ಹಳೇ ಕ್ಯಾಂಟೀನಲ್ಲಿ ಪಾತ್ರೆಯವಳು ಬಿಟ್ಟು ಹೋದ್ಲಂತೆ. ಇವತ್ತೇ ಯಾರನ್ನೋ ಇಟ್ಕೊಳ್ತಾರಂತೆ."

ಬುಗುರಿಯ ಕೈಯಲ್ಲಿದ್ದ ತುದಿ ಜಾರಿತು. ಹದಿಮೂರು ವರ್ಷದಲ್ಲಿ ಹಾಗಾದದ್ದಿಲ್ಲ. ಮೇಡಂ ಬರದೇ ಹೋದರೆ? ಬಂದೂ ನಂಬದೇ ಹೋದರೆ? ಆಗ ಹಣವೂ ಇಲ್ಲ, ಕೆಲಸವೂ ಇಲ್ಲ. ಒಂದು ಮಾತು ಕೇಳಿಟ್ಟುಕೊಂಡರೆ ತಪ್ಪೇನು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅರ್ಧ ಗಂಟೆಯ ಕೆಲಸ. ಹನ್ನೊಂದು ದಿನ ಬಾರದವಳು ಸರಿಯಾಗಿ ಈ ಅರ್ಧ ಗಂಟೆಯಲ್ಲೇ ಬರುತ್ತಾಳೆಯೇ? ಬಟನ್ ಅಕ್ಕನಿಗೆ ಫೋನ್ ಮಾಡಿ, "ಕ್ಯಾಂಟೀನಿಗೆ ಹೋಗಿ ಬರ್ತೀನಿ, ಸ್ವಲ್ಪ ತಡ ಆಗುತ್ತೆ, ಮನೇಲಿ ಹೇಳಿಬಿಡಿ ಅಕ್ಕಾ," ಎಂದು ಬಸ್ಸು ಹತ್ತಿದಳು.

ಕ್ಯಾಂಟೀನಿನ ಮ್ಯಾನೇಜರ್ ಅವಳನ್ನು ನೋಡಿ ಹಲ್ಲು ಕಿರಿದ. "ಬಂದ್ಯಾ? ಬರ್ತೀಯಾ ಅಂತ ಗೊತ್ತಿತ್ತು. ಸೋಮವಾರದಿಂದ ಬಾ. ಆದ್ರೆ ಇವತ್ತಿನ ಪಾತ್ರೆ ಹಾಗೇ ಬಿದ್ದಿದೆ ನೋಡು." ತೊಟ್ಟಿಯಲ್ಲಿ ತಟ್ಟೆಗಳು ಎದೆಯ ಎತ್ತರಕ್ಕೆ ಬಿದ್ದಿದ್ದವು. ಇಲ್ಲವೆಂದರೆ ಸೋಮವಾರವೂ ಇಲ್ಲ. ಸೆರಗು ಸಿಕ್ಕಿಸಿದಳು. ತೊಳೆಯುವ ಒಂದೊಂದು ತಟ್ಟೆಗೂ ಗೋಡೆಯ ಗಡಿಯಾರ ನೋಡಿದಳು. ಬಸ್ಸಿನಿಂದಿಳಿದು ಗಲ್ಲಿಯ ತಿರುವಿಗೆ ಬಂದಾಗ ಏಳೂಕಾಲು. ಬಟನ್ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಆ ಕೈಯಲ್ಲಿ ಸೂಜಿಯಿಲ್ಲವೆಂದರೆ ಏನೋ ಆಗಿದೆ ಎಂದೇ ಅರ್ಥ.

ಮನೆಯಲ್ಲಿ ಮಗಳು ಒಲೆಯ ಮುಂದೆ ಇದ್ದಳು. ಸ್ಟೂಲು ಬೇಕಿರಲಿಲ್ಲ, ಈಗ ಎತ್ತರವಾಗಿದ್ದಾಳೆ.

"ಅವರು ಬಂದಿದ್ರು ಅಮ್ಮ."

"ಯಾವಾಗ?"

"ಆರಕ್ಕೆ. ಅಮ್ಮ ಎಲ್ಲಿ ಅಂದ್ರು. ದಿನಾ ಅಮ್ಮನೇ ಅಡುಗೆ ಮಾಡೋದು ಅಂತ ಹೇಳ್ದೆ. ಮತ್ತೆ ಇವತ್ತು ನೀನು ಯಾಕೆ ಮಾಡ್ತಿದ್ದೀಯಾ ಅಂತ ಕೇಳಿದ್ರು."

"ನೀನು ಏನಂದೆ?"

"ಇದ್ದಿದ್ದು ಹೇಳ್ದೆ. ದುಡ್ಡು ನಿಂತುಹೋದ್ರೆ ಅಂತ ಅಮ್ಮ ಹಳೇ ಕೆಲಸ ಕೇಳೋಕೆ ಹೋಗಿದಾಳೆ, ಅದಕ್ಕೇ ನಾನು ಅಭ್ಯಾಸ ಮಾಡ್ಕೊಳ್ತಿದೀನಿ ಅಂತ." ಹುಡುಗಿ ಸೌಟಿನಿಂದ ಒಂದು ಅಗುಳು ತೆಗೆದು ಬೆರಳಲ್ಲಿ ಹಿಚುಕಿ ನೋಡಿದಳು. "ಬೆಂದಿದೆ. ನೀರು ಮಾತ್ರ ಜಾಸ್ತಿ ಆಯ್ತು. ನಾಳೆ ಸರಿ ಮಾಡ್ತೀನಿ."

ಬುಗುರಿ ಆ ಸೌಟನ್ನು ಕಸಿದುಕೊಂಡಳು. ಬೈಯಲು ಬಾಯಿ ತೆರೆದಳು. ಯಾರನ್ನು ಬೈಯುವುದು? ಸುಳ್ಳು ಕಲಿಸಿದವಳೂ ತಾನೇ, ನಿಜ ಹೇಳುವಾಗ ಮನೆಯಲ್ಲಿ ಇಲ್ಲದವಳೂ ತಾನೇ. ಹನ್ನೊಂದು ದಿನ ಬಾಗಿಲು ಕಾದು ಹನ್ನೆರಡನೆಯ ದಿನ ಬೆನ್ನು ತೋರಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹಣೆಬರಹವನ್ನು ಬೈದುಕೊಳ್ಳುತ್ತಾರೆ. ಇವಳಿಗೆ ಆ ಸಮಾಧಾನವೂ ಇರಲಿಲ್ಲ. ತುತ್ತನ್ನು ತಟ್ಟಿ ಬೀಳಿಸಿದ್ದು ತನ್ನದೇ ಕೈ.

ಅತ್ತೆ ಮೂಲೆಯಿಂದ, "ಒಂದು ಕಾಗದ ಕೊಟ್ಟು ಹೋಗಿದಾಳೆ ನೋಡು. ನಾಳೆ ಸಹಿ ಹಾಕಿ ಕೊಡ್ಬೇಕಂತೆ," ಎಂದರು.

ಫಾರ್ಮಿನ ನಕಲು. ಬುಗುರಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಆದರೆ ಆವತ್ತು ಅಕ್ಷರಗಳೂ ನಿಂತಲ್ಲಿ ನಿಲ್ಲಲಿಲ್ಲ. ಮಗಳೇ ಓದಿದಳು. ಮೊದಲ ಸಾಲಿನಲ್ಲಿ, ಸಂಜೆಯ ಅಡುಗೆ: ಮಗಳು. ಬುಗುರಿ ಕಣ್ಣು ಮುಚ್ಚಿದಳು. ಅತ್ತೆಯ ಹಲ್ಲು: ಇದೆ, ಕಂಡೆ. ಇನ್ನೂ ಒಂದಷ್ಟು ಸಾಲು. ಕೊನೆಯಲ್ಲಿ ಷರಾ ಎಂಬಲ್ಲಿ ಮೇಡಂ ಕೈಬರಹ: "ಹಣ ನಿಂತರೆ ಈ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಇಂದು ಸಂಜೆ ಕಣ್ಣಾರೆ ಕಂಡಿದ್ದೇನೆ."

"ಅಂದ್ರೆ ಏನಮ್ಮ? ಒಳ್ಳೇದಾ ಕೆಟ್ಟದ್ದಾ?"

"ಗೊತ್ತಿಲ್ಲ," ಎಂದಳು ಬುಗುರಿ. ನಿಜವಾಗಿಯೂ ಗೊತ್ತಿರಲಿಲ್ಲ. ಕಾಗದದಲ್ಲಿ ಬರೆದದ್ದೆಲ್ಲ ನಿಜವಾಗಿದ್ದುದರಿಂದ ಬೆಳಿಗ್ಗೆ ಸಹಿ ಹಾಕಿ ಕೊಟ್ಟಳು.

ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅವಳು ಕ್ಯಾಂಟೀನಿಗೆ ಹೋದಳು. ಹೋಗದೆ ಗತಿಯಿರಲಿಲ್ಲ, ಕೊನೆಯ ಕಂತು ಬಂದಾಗಿತ್ತು. ರಾತ್ರಿ ಬಂದರೆ ಊಟ ಮುಚ್ಚಿಟ್ಟಿರುತ್ತಿತ್ತು. ಅನ್ನದ ನೀರು ದಿನದಿನಕ್ಕೆ ಸರಿಯಾಗುತ್ತ ಬಂತು. ಎರಡನೇ ವಾರದ ಹೊತ್ತಿಗೆ ಮಗಳ ಕೈ ಅಡುಗೆ ತನ್ನದಕ್ಕಿಂತ ರುಚಿಯಾಗಿದೆ ಎಂದು ಬುಗುರಿಗೆ ಅನ್ನಿಸಿತು. ಅತ್ತೆ ಹೇಳಿದರು, "ಬೀದಿಯಿಂದ ಹುಡುಗರು ಕರೆದ್ರೆ ಇವಳು ಹೋಗೋದಿಲ್ಲ ಕಣೇ. ಕೆಲಸ ಇದೆ ಅಂತಾಳೆ. ಥೇಟ್ ನಿನ್ನ ಹಾಗೇ ಅಂತಾಳೆ."

ಅದನ್ನು ಕೇಳಿದ ಮೇಲೆ ಬುಗುರಿಗೆ ಕ್ಯಾಂಟೀನಿನಲ್ಲಿ ಎಷ್ಟು ಉಜ್ಜಿದರೂ ಯಾವ ಪಾತ್ರೆಯೂ ತೊಳೆದಂತೆ ಅನ್ನಿಸುತ್ತಿರಲಿಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಂತು ಬರುತ್ತಿದ್ದಳು, ಇಳಿದು ಓಡಿದರೆ ಎರಡು ನಿಮಿಷವಾದರೂ ಉಳಿಯಲಿ ಎಂದು. ಮನೆಗೆ ಬಂದರೆ ಮಗಳು ನಿದ್ದೆಹೋಗಿರುತ್ತಿದ್ದಳು.

ನೋಟೀಸು ಬಂದ ದಿನ ಬಟನ್ ಅಕ್ಕ ಆಸ್ಪತ್ರೆಯ ಗೇಟಿಗೇ ಬಂದು ನಿಂತಿದ್ದಳು, ಕೈಯಲ್ಲಿ ಇನ್ನೂ ಸೂಜಿ ದಾರ. "ಮುಂದುವರಿಸ್ತಾರಂತೆ ಕಣೇ! ಒಂದು ವರ್ಷ! ಗಲ್ಲಿಗೆಲ್ಲಾ!" ಎಂದವಳು ಬುಗುರಿಯನ್ನು ತಬ್ಬಿಕೊಂಡಳು. ಒಂದು ವರ್ಷವಾದ ಮೇಲೆ ಮತ್ತೆ ಫಾರ್ಮು. ಮುಂದಿನದ್ದು ಆಮೇಲೆ. ಬುಗುರಿ ಡಿಪೋ ಬಸ್ಸು ಬಂದರೂ ಹತ್ತಲಿಲ್ಲ. ಮ್ಯಾನೇಜರನಿಗೆ ಫೋನಿನಲ್ಲೇ, "ಬರಲ್ಲ ಸಾರ್," ಎಂದಳು. ಅವನು ಏನೇನೋ ಅಂದ. ಅದು ಅವಳ ಕಿವಿಗೆ ಬೀಳುವ ಮೊದಲೇ ಫೋನ್ ಸೆರಗಿನೊಳಗೆ ಹೋಗಿತ್ತು.

ನಾಲ್ಕು ಗಂಟೆಯ ಬಿಸಿಲಿನಲ್ಲಿ ಮನೆಗೆ ಬಂದಾಗ ಮಗಳು ಶಾಲೆಯ ಬಟ್ಟೆಯಲ್ಲೇ ಅಕ್ಕಿ ತೊಳೆಯುತ್ತಿದ್ದಳು. ಬುಗುರಿ ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಈ ಸಲ ಕಸಿಯಲಿಲ್ಲ.

"ದುಡ್ಡು ಬರುತ್ತಂತೆ. ನಾನಿನ್ನು ಸಂಜೆ ಮನೇಲೇ ಇರ್ತೀನಿ. ನೀನು ಹೋಗು, ಆಡ್ಕೋ."

ಮಗಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಕುಣಿಯಲಿಲ್ಲ, ಕೂಗಲಿಲ್ಲ. ಬ್ಯಾಂಕಿನ ಗುಮಾಸ್ತನ ಗಾಂಭೀರ್ಯದಲ್ಲಿ ಕೇಳಿದಳು:

"ಎಷ್ಟು ದಿನ?"

"ಒಂದು ವರ್ಷ."

ಹುಡುಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆಮೇಲೆ ಅಮ್ಮನಿಗೇ ಸಮಾಧಾನ ಹೇಳುವಂತೆ ಅವಳ ತೋಳು ಮುಟ್ಟಿದಳು.

"ಅ‌ಷ್ಟರಲ್ಲಿ ನಂಗೆ ಹನ್ನೆರಡು ತುಂಬಿರುತ್ತೆ ಅಮ್ಮ. ಅಷ್ಟು ಆಡಿದ್ರೆ ಸಾಕು ಬಿಡು."

ಹೇಳಿ ಹೊರಗೆ ಓಡಿದಳು. ಬುಗುರಿ ಅಕ್ಕಿಯ ಪಾತ್ರೆ ಹಿಡಿದುಕೊಂಡು, ಏನಾದರೂ ಹೇಳಬೇಕೆಂದು ಬಾಗಿಲವರೆಗೆ ಹೋದಳು. ಅಷ್ಟರಲ್ಲಿ ಮಗಳು ಗಲ್ಲಿಯ ಆ ತುದಿ ಮುಟ್ಟಿಯಾಗಿತ್ತು.